ಹೋದಲ್ಲೆಲ್ಲ ಹೊಸ ಹಲಗೆ

ಫೆಬ್ರವರಿ 4, ಮಂಗಳವಾರ. ಸಮುದ್ರದ ಹೋಟೆಲ್, ಸಂಜೆ

ಬಚ್ಚಲ ಬಾಗಿಲು ನೋಡಿದ್ದಾಯಿತು. ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ, ಬೆರಳ ಗೆಣ್ಣು ತರಚುವುದಿಲ್ಲ. ಕಮೋಡಿನ ಪಕ್ಕ ಗೋಡೆಗೆ ಹಿಡಿ ಇದೆ. ಪೂರ್ತಿ ಭಾರ ಬಿಟ್ಟು ಜಗ್ಗಿದೆ, ಗೋಡೆ ಬಿಟ್ಟು ಬರಲಿಲ್ಲ. ಸ್ವಿಚ್ಚು ಕೂತಲ್ಲಿಂದಲೇ ಕೈಗೆ ಸಿಗುತ್ತದೆ. ಕನ್ನಡಿಯಲ್ಲಿ ಹಣೆ ಮಾತ್ರ ಕಾಣುತ್ತದೆ. ಇರಲಿ, ಮಿಕ್ಕಿದ್ದು ಕಂಡು ಯಾರಿಗೇನು ಲಾಭ.

ಮುಂಬಾಗಿಲ ಮೆಟ್ಟಿಲ ಮೇಲೆ ಮರದ ಹಲಗೆ ಹಾಸಿದ್ದಾರೆ. ಅಗಲವಾದದ್ದು, ಅಲ್ಲಾಡುವುದಿಲ್ಲ. ಇವಳು ಹಿಂದಿನಿಂದ ಒಂದು ಕೈ ಕೊಟ್ಟಳು, ಗಾಡಿ ಹತ್ತಿಬಿಟ್ಟಿತು. ಆದರೆ ಹಲಗೆ ಹೊಸದು. ಮರದ ಹಸಿ ವಾಸನೆ ಹೋಗಿಲ್ಲ. ಮೊಳೆಗಳ ತಲೆ ಹೊಳೆಯುತ್ತಿದೆ. ಒಂದಾದರೂ ಸೂಟ್‌ಕೇಸಿನ ಗೀರು ಬೇಡವೇ ಅದರ ಮೇಲೆ?

ನಾನು ಬರುವುದು ಇವರಿಗೆ ಗೊತ್ತಿರಬಾರದು. ಕೆಲಸದ ಕರಾರೇ ಅದು. ಪ್ರವಾಸೋದ್ಯಮ ಇಲಾಖೆಯವರು ಒಂದು ಕೈಪಿಡಿ ತರುತ್ತಿದ್ದಾರೆ. ಅಂಗವಿಕಲರು ಯಾವ ಹೋಟೆಲಿಗೆ ಧೈರ್ಯವಾಗಿ ಹೋಗಬಹುದು ಅನ್ನುವುದು ಅದರಲ್ಲಿರುತ್ತದೆ. ಸರಿ ಇದ್ದ ಹೋಟೆಲಿನ ಮುಂದೆ ತೆರೆದ ಬಾಗಿಲಿನ ಚಿತ್ರ. ಕಣ್ಣು ಕಾಣದವರ, ಕಿವಿ ಕೇಳದವರ ಪರವಾಗಿ ಬೇರೆಯವರು ಹೋಗಿ ನೋಡುತ್ತಾರೆ. ಗಾಲಿಯವರ ಪರವಾಗಿ ನಾನು. ಮಾಮೂಲಿ ಗಿರಾಕಿಯ ಹಾಗೆ ಹೆಂಡತಿ ಸಮೇತ ಬಂದು, ಉಳಿದು, ಸುಮ್ಮನೆ ಹೋಗಿ ವರದಿ ಬರೆಯಬೇಕು.

ಇಷ್ಟು ವರ್ಷ ಟಿಕೆಟ್ ಅಂಗಡಿ ಇಟ್ಟುಕೊಂಡು ಊರವರನ್ನೆಲ್ಲ ಸಮುದ್ರಕ್ಕೆ ಕಳಿಸಿದವನು. ನಾನು ಸಮುದ್ರ ನೋಡಿದ್ದು ಇವತ್ತು. ಚೆನ್ನಾಗಿದೆ. ಗಿರಾಕಿಗಳಿಗೆ ವರ್ಣಿಸುತ್ತಿದ್ದಷ್ಟು ಇಲ್ಲ.

ಮ್ಯಾನೇಜರ್ ಬಂದು ನಗುತ್ತಾ ಕೇಳಿದ, "ಎಲ್ಲಾ ಅನುಕೂಲ ಆಯ್ತಾ ಸಾರ್?" ಪಕ್ಕದ ಟೇಬಲ್ಲಿನವರನ್ನು ಕೇಳಲಿಲ್ಲ. ನನ್ನನ್ನು ಮಾತ್ರ.

ಫೆಬ್ರವರಿ 6, ಗುರುವಾರ. ಅಂಗಡಿ

ಟೀಚರ್ ಬಂದಿದ್ದರು. ನನಗೆ ಒಂದನೇ ಕ್ಲಾಸಿನಲ್ಲಿ ಅಕ್ಷರ ಕಲಿಸಿದವರು. ಹೋದ ವರ್ಷ ಬಿದ್ದು ಸೊಂಟ ಮುರಿದ ಮೇಲೆ ಅವರದೂ ಗಾಲಿಯ ಬದುಕು. ಅವರ ತಂಗಿ ತಳ್ಳಿಕೊಂಡು ಬಂದಿದ್ದರು.

"ಏನೋ, ಕುರ್ಚಿ ಬಿಟ್ಟು ಎದ್ದು ನಿಲ್ಲೋ ಮರ್ಯಾದೆ ಇಲ್ವಾ ಟೀಚರ್ ಬಂದ್ರೆ?"

"ನೀವು ಮೊದಲು ಏಳಿ ಟೀಚರ್, ಆಮೇಲೆ ನಾನು."

ಇಬ್ಬರೂ ನಕ್ಕೆವು. ತಂಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಸಮುದ್ರಕ್ಕೆ ಹೋಗಬೇಕಂತೆ. "ಕೈಪಿಡಿ ಅಚ್ಚಾಗೋವರೆಗೆ ಕಾಯೋಕೆ ನಂಗೆ ವಯಸ್ಸಿಲ್ಲ. ನೀನು ನೋಡ್ಕೊಂಡು ಬಂದಿದ್ದೀಯಲ್ಲ, ಬಾಯಲ್ಲೇ ಹೇಳು. ಹೋಗಬಹುದಾ?"

ಹಲಗೆಯ ಹೊಳೆಯುವ ಮೊಳೆಗಳು ಒಂದು ಗಳಿಗೆ ಕಣ್ಣ ಮುಂದೆ ಬಂದವು. ಹೊಸದಾದರೇನು, ಹಲಗೆ ಹಲಗೆಯೇ. ಹಳೆಯದಾಗುವವರೆಗೆ ಇರುತ್ತದಲ್ಲ ಅಂದುಕೊಂಡೆ. "ಕಣ್ಮುಚ್ಚಿಕೊಂಡು ಹೋಗಿ ಬನ್ನಿ" ಅಂದೆ. ಹತ್ತೊಂಬತ್ತನೇ ತಾರೀಕಿಗೆ ಟಿಕೆಟ್ ಮಾಡಿಕೊಟ್ಟೆ.

ಹೋಗುವಾಗ ಬಾಗಿಲಲ್ಲಿ ತಿರುಗಿ, "ಮೆಟ್ಟಿಲಿಲ್ಲ ತಾನೇ?" ಅಂದರು. ಇಲ್ಲ ಅಂದೆ.

ಫೆಬ್ರವರಿ 11, ಮಂಗಳವಾರ. ಜಲಪಾತದ ಹತ್ತಿರದ ಲಾಡ್ಜ್

ಇದು ಸರಿಯಿಲ್ಲ.

ಇಲ್ಲಿಯೂ ಹಲಗೆ. ಇಲ್ಲಿಯೂ ಹೊಸದು. ಹೋಗಲಿ ಅಂದರೆ ರೂಮಿನಲ್ಲಿ ಇನ್ನೊಂದು ವಿಚಿತ್ರ. ಮಂಚದ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದಾರೆ. ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಿದೆ — ಸೀಟು, ಹಾಸಿಗೆ ಎರಡೂ ಒಂದೇ ಮಟ್ಟ. ಜಾರಿದರೆ ಸಾಕು, ಹಾಸಿಗೆಯಲ್ಲಿದ್ದೇನೆ. ಗಾಲಿಯವರಿಗೆಲ್ಲ ಒಂದೇ ಎತ್ತರದ ಗಾಡಿ ಇರುವುದಿಲ್ಲ. ನನ್ನದು ಸ್ವಲ್ಪ ತಗ್ಗು, ಹಳೆಯದು. ಅದರ ಅಳತೆಗೇ ಹೇಗೆ ಬಂತು?

ಬಚ್ಚಲಿಗೆ ಹೋದೆ. ಸೋಪು, ಮಗ್ಗು, ಟವೆಲ್ಲು ಎಲ್ಲ ಎಡಗಡೆ. ನನ್ನ ಬಲಭುಜ ಮೇಲೆ ಏಳುವುದಿಲ್ಲ. ಲಾಡ್ಜಿನವನಿಗೆ ಕನಸು ಬಿದ್ದಿತ್ತೇ?

ಇವಳಿಗೆ ತೋರಿಸಿದೆ. "ನೋಡು. ಯಾರೋ ಹೇಳಿದಾರೆ."

"ಒಳ್ಳೇದಾಯ್ತಲ್ಲ" ಅಂದಳು, ಸೀರೆ ಮಡಿಸುತ್ತಾ.

"ಒಳ್ಳೇದಾ? ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಹೊರಗೆ ಬಂದ ಹಾಗೆ ಇದು."

"ಪಾಸಾಗ್ಲಿ ಬಿಡಿ. ನಿಮ್ಮ ಬೆನ್ನು ಉಳೀತಲ್ಲ. ಸ್ನಾನ ಮಾಡಿ ಬನ್ನಿ, ನೀರು ಬಿಸಿ ಇದೆ."

ಹೆಂಗಸರಿಗೆ ತತ್ವ ಹೇಳುವುದೂ ಒಂದೇ, ನೀರಿನ ಮೇಲೆ ಗೆರೆ ಎಳೆಯುವುದೂ ಒಂದೇ. ಸ್ನಾನ ಮಾಡಿದೆ. ನೀರು ನಿಜವಾಗಿಯೂ ಬಿಸಿ ಇತ್ತು.

ಯಾರು ಅನ್ನುವುದು ಈಗಿನ ಪ್ರಶ್ನೆ. ನಾವು ಎಲ್ಲಿಗೆ, ಯಾವತ್ತು ಹೋಗುತ್ತೇವೆ ಅನ್ನುವುದು ಗೊತ್ತಿರುವುದು ಇಬ್ಬರಿಗೆ. ಕಾರು ಕಳಿಸುವ ಇಲಾಖೆಯ ಸಾಹೇಬ. ಕಾರು ಓಡಿಸುವ ಡ್ರೈವರ್. ಈ ಡ್ರೈವರನಿಗೆ ನಾನು ಇಟ್ಟ ಹೆಸರು ಮೌನಿ. ನಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಕಾರು ನಿಲ್ಲಿಸಿದ ಕೂಡಲೇ ದೂರ ಹೋಗಿ, ಬೆನ್ನು ತಿರುಗಿಸಿ, ಫೋನಿನಲ್ಲಿ ಪಿಸುಗುಟ್ಟುತ್ತಾನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಫೆಬ್ರವರಿ 12, ಬುಧವಾರ. ಮನೆ

ಕನ್ನಡಿ ಬೇಕಿತ್ತು ಅಂತ ಕಾಣುತ್ತದೆ.

ವಾಪಸ್ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಮೌನಿ ಫೋನ್ ಹಿಡಿದು ಗೋಡೆ ಮರೆಗೆ ಹೋದ. ಗಾಡಿ ಇಳಿಸಿಕೊಂಡು ಹಿಂದೆಯೇ ಹೋದೆ. ನನ್ನ ಗಾಲಿಗೆ ಎಣ್ಣೆ ಹಾಕಿ ಇಟ್ಟಿರುತ್ತೇನೆ, ಸದ್ದಿಲ್ಲ.

"...ಏಳೆಂಟ್ಲಿ? ಸರಿಯಾಗಿ ಹೇಳು. ಬೆರಳು ಮಡಚ್ಬೇಡ. ನಂಗೆ ಕಾಣತ್ತೆ."

ಮಗಳಿಗೆ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ. ತಿರುಗಿ ನನ್ನನ್ನು ನೋಡಿ ಕಿವಿಯವರೆಗೆ ಕೆಂಪಾದ. "ಮನೇಲಿ ಇರೋದೇ ಕಮ್ಮಿ ಸಾರ್. ಫೋನಲ್ಲೇ ಅಪ್ಪ ನಾನು."

"ಏಳೆಂಟ್ಲಿ ಐವತ್ತಾರು" ಅಂದೆ. "ಅವಳು ಐವತ್ನಾಲ್ಕು ಅಂತಾಳೆ ಸಾರ್" ಅಂದ.

ಹಾಗಂತ ಪೂರ್ತಿ ಬಿಟ್ಟಿಲ್ಲ. ಮಗ್ಗಿ ಹೇಳಿಸುವ ಬಾಯಿಗೆ ಗುಟ್ಟು ಹೇಳಲು ಬರುವುದಿಲ್ಲವೇ?

ಫೆಬ್ರವರಿ 15, ಶನಿವಾರ

ಸಾಹೇಬನ ಆಫೀಸಿಗೆ ಹೋದೆ. ಅಂಗವಿಕಲರ ಪ್ರವಾಸದ ವಿಭಾಗ ಮೊದಲನೇ ಮಹಡಿಯಲ್ಲಿದೆ. ಲಿಫ್ಟ್ ಇದೆ, ಬಾಗಿಲ ಮೇಲೆ "ದುರಸ್ತಿಯಲ್ಲಿದೆ" ಅನ್ನುವ ಚೀಟಿ ಇದೆ, ಚೀಟಿ ಹಳದಿ ಬಣ್ಣಕ್ಕೆ ತಿರುಗಿದೆ. ಸಾಹೇಬನೇ ಇಳಿದು ಬಂದ. ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಮಾತಾಡಿದೆವು. ಜೊತೆಗೆ ಚಹಾ ತರಿಸಿದ. ಒಳ್ಳೆಯ ಮನುಷ್ಯನ ಹಾಗೆಯೇ ಕಾಣುತ್ತಾನೆ. ನನಗೆ ಅದೇ ಕಷ್ಟ. ಟಿಕೆಟ್ ಅಂಗಡಿಯಲ್ಲಿ ಕೂತವನಿಗೆ ಗೊತ್ತು — ತುಂಬಾ ನಗುವ ಗಿರಾಕಿ ಕೊನೆಗೆ ಸೀಟು ಕ್ಯಾನ್ಸಲ್ ಮಾಡುತ್ತಾನೆ.

"ಎಲ್ಲಾ ಕಡೆ ನಾವು ಹೋಗೋ ಮುಂಚೆ ಸುದ್ದಿ ಹೋಗಿರತ್ತೆ ಸಾಹೇಬ್ರೇ."

"ಹಾಗಂತೀರಾ? ನಮ್ಮ ಕಡೆಯಿಂದ ಚಾನ್ಸೇ ಇಲ್ಲ." ಒಂದು ಗುಟುಕು ಕುಡಿದ. "ಅಲ್ಲಾ, ಎಲ್ಲಾ ಹೋಟೆಲೂ ಪಾಸಾಗ್ತಿದೆ ಅಂದ್ರೆ ಅದು ಸಂತೋಷದ ವಿಷಯ ಅಲ್ವಾ? ಮುಂದಿನ ತಿಂಗಳು ಮಂತ್ರಿಗಳು ಕೈಪಿಡಿ ಬಿಡುಗಡೆ ಮಾಡ್ತಾರೆ. ಬಾಗಿಲಿನ ಚಿತ್ರ ಜಾಸ್ತಿ ಇದ್ದಷ್ಟೂ ಚೆಂದ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈತ ಹೆಗಲು ಮುಟ್ಟಲಿಲ್ಲ, ಕುಂಬಳಕಾಯಿಯನ್ನೇ ಹೊಗಳಿದ.

ಕೆಲಸಕ್ಕೆ ಸೇರುವಾಗ ಇವರು ನನ್ನಿಂದ ಒಂದು ಫಾರಂ ತುಂಬಿಸಿಕೊಂಡಿದ್ದರು. ಗಾಡಿಯ ಅಳತೆ ಅದರಲ್ಲಿತ್ತೇ? ನೆನಪಾಗುತ್ತಿಲ್ಲ. ಭುಜದ ವಿಷಯ ಬರೆದಿರಲಿಲ್ಲ. ಅದು ಖಂಡಿತ. ನನ್ನ ಭುಜ ಏಳುವುದಿಲ್ಲ ಅನ್ನುವುದನ್ನು ನಾನು ಯಾರಿಗೂ ಹೇಳುವವನಲ್ಲ.

ಫೆಬ್ರವರಿ 18, ಮಂಗಳವಾರ

ಬಲೆ ಹಾಕಿದ್ದೇನೆ.

ಸಾಹೇಬನಿಗೆ ಫೋನ್ ಮಾಡಿ, ಈ ಸಲ ಗುಡ್ಡದ ಮೇಲಿನ ಹೋಟೆಲ್ ಅಂದೆ. ಮೌನಿಗೆ, ಸಾಹೇಬರಿಗೆ ಹೇಳಬೇಡ, ನಾವು ಹೋಗುವುದು ಕೆರೆ ದಂಡೆಯ ರೆಸಾರ್ಟಿಗೆ ಅಂದೆ. ಹೋಗುವುದು ಎರಡಕ್ಕೂ ಅಲ್ಲ. ರಸ್ತೆ ಕವಲೊಡೆಯುವಲ್ಲಿ ಮೂರನೆಯ ಕಡೆ ತಿರುಗಿಸು ಅನ್ನುವುದು. ಅಲ್ಲೊಂದು ಹಳೇ ಬಂಗಲೆಯಿದೆ, ಈಗ ಗೆಸ್ಟ್‌ಹೌಸ್. ಪಟ್ಟಿಯಲ್ಲಿ ಕೊನೆಗಿದೆ, ನಾವು ಹೋಗುವ ಯೋಚನೆ ಯಾರ ತಲೆಗೂ ಬರುವುದಿಲ್ಲ. ಅಲ್ಲಿ ಹಲಗೆ ಇಲ್ಲದಿದ್ದರೆ ಸೋರುತ್ತಿರುವುದು ಇವರಿಬ್ಬರಲ್ಲೇ ಒಬ್ಬರಿಂದ ಅಂತಾಯಿತು. ಆಮೇಲೆ ಗುಡ್ಡಕ್ಕೂ ಕೆರೆಗೂ ಹೋಗಿ ನೋಡಿದರೆ ಯಾರು ಅನ್ನುವುದು ತಾನಾಗಿ ತಿಳಿಯುತ್ತದೆ. ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ. ಜೊತೆಗೆ ಸ್ವಲ್ಪ ತಲೆಯೂ ಬೇಕು.

ಇವಳು ಬಟ್ಟೆ ತುಂಬುತ್ತಾ, "ಗುಡ್ಡ ಅಂದ್ರೆ ಚಳಿ. ಸ್ವೆಟರ್ ಇಡ್ಲಾ?" ಅಂದಳು.

"ಬೇಡ. ಬಂಗಲೆಗೆ ಹೋಗೋದು. ಬಾಯಿ ಬಿಡಬೇಡ."

"ನಾನ್ಯಾರ ಹತ್ರ ಬಿಡ್ಲಿ" ಅಂದಳು.

ಫೆಬ್ರವರಿ 20, ಗುರುವಾರ. ಬಂಗಲೆ, ಮಧ್ಯಾಹ್ನ

ಕವಲಿನಲ್ಲಿ ತಿರುಗಿಸು ಅಂದಾಗ ಮೌನಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ, ಏನೂ ಕೇಳದೆ ತಿರುಗಿಸಿದ. ಅಲ್ಲಿಂದ ಇಲ್ಲಿಯವರೆಗೆ ಅವನು ಫೋನ್ ಮುಟ್ಟಿಲ್ಲ. ನಾನು ಕಣ್ಣು ಮಿಟುಕಿಸಿಲ್ಲ.

ಗೇಟು ದಾಟಿದೆವು. ಬಾಗಿಲ ಮುಂದೆ ಇಳಿಜಾರು.

ಹಲಗೆಯೂ ಅಲ್ಲ. ಸಿಮೆಂಟು. ಒದ್ದೆ ಗೋಣಿಚೀಲ ಹೊದಿಸಿ ನೀರು ಹಾಕಿದ್ದಾರೆ. ಒಂದು ಮೂಲೆಯಲ್ಲಿ ಬೆಕ್ಕಿನ ಹೆಜ್ಜೆ ಮೂಡಿದೆ. ನನಗಿಂತ ಮೊದಲು ಬೆಕ್ಕು ಪರೀಕ್ಷೆ ಮಾಡಿ ಹೋಗಿದೆ.

ಸಾಹೇಬನಿಗೆ ಗೊತ್ತಿಲ್ಲ. ಡ್ರೈವರನಿಗೆ ಗೊತ್ತಿಲ್ಲ. ಮತ್ತೆ ಯಾರು? ನನ್ನ ಫೋನಿನಲ್ಲಿ ಏನಾದರೂ ಇಟ್ಟಿದ್ದಾರಾ? ಅಂಗಡಿಯಲ್ಲಿ ಜೋರಾಗಿ ಮಾತಾಡಿದೆನಾ?

ಬಂಗಲೆ ನೋಡಿಕೊಳ್ಳುವ ಹೆಂಗಸು ರೂಮು ತೆಗೆದಳು. ಮಂಚದ ಕಾಲಿಗೆ ಇಟ್ಟಿಗೆ. ಅವಳು ಬಗ್ಗಿ ನೋಡಿ ಕೇಳಿದಳು, "ಇಷ್ಟು ಸಾಕಾ ಅಣ್ಣಾ? ಅಕ್ಕ ಫೋನಲ್ಲಿ ಒಂದು ಮೊಳ ನಾಲ್ಕು ಬೆರಳು ಅಂದ್ರು. ಅವರ ಮೊಳ ಎಷ್ಟೋ ನನ್ನ ಮೊಳ ಎಷ್ಟೋ. ನನ್ನ ಕೈ ಗಿಡ್ಡ ನೋಡಿ."

"ಯಾವ ಅಕ್ಕ?"

ಗದ್ದ ಎತ್ತಿ ನನ್ನ ಬೆನ್ನ ಹಿಂದೆ ತೋರಿಸಿದಳು.

ಇವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬ್ಯಾಗು ಕೆಳಗಿಟ್ಟಳು. ಮಂಚದ ಹತ್ತಿರ ಹೋಗಿ ಮೊಳಕೈ ಊರಿ ಅಳೆದಳು. "ಸರಿಯಾಗಿದೆ ಕಣಮ್ಮ" ಅಂದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ.

ಅದೇ ದಿನ, ಸಂಜೆ

ಮಾತಾಡಿದ್ದು ಮಾತಾಡಿದ ಹಾಗೇ ಬರೆದಿಡುತ್ತೇನೆ. ನಾಳೆ ನಾನೇ ಬೇರೆ ಥರ ನೆನಪು ಮಾಡಿಕೊಳ್ಳುವ ಆಸಾಮಿ.

"ಯಾವತ್ತಿಂದ?" ಕೇಳಿದೆ.

"ಏನು?"

"ಈ ಫೋನು."

"ಮದುವೆಗೆ ಮುಂಚಿಂದ." ಬಟ್ಟೆ ಮಡಿಸುವುದು ನಿಲ್ಲಿಸಲೇ ಇಲ್ಲ. "ನಮ್ಮ ಮದುವೆ ಹಾಲ್‌ನವರಿಗೆ ಫೋನ್ ಮಾಡಿ, ಹಿಂದಿನ ಬಾಗಿಲಿಗೆ ಬೀಗ ಹಾಕಬೇಡಿ ಅಂದಿದ್ದು ಯಾರು ಅಂದ್ಕೊಂಡಿದೀರಿ? ನಮ್ಮಪ್ಪನಾ?"

"ನಾನು ಆ ಹಾಲ್ ಯಜಮಾನನ ಹತ್ರ ಮಾತಾಡಿ..."

"ನೀವು ಮಾತಾಡಿದ್ರಿ. ಅವನು ಮೊದಲೇ ತೆಗೆದಿಟ್ಟಿದ್ದ. ನಿಮ್ಮ ಮಾತು ಮುಗಿಯೋವರೆಗೆ ಕಾದು ತೋರಿಸ್ದ."

"ಸಿನಿಮಾ ಥಿಯೇಟರ್?"

"ಫೋನು."

"ನನ್ನ ತಮ್ಮನ ಹೊಸ ಮನೆ? ಬಚ್ಚಲಿಗೆ ಅವನೇ ಹಿಡಿ ಹಾಕಿಸಿದ್ನಲ್ಲ?"

"ನಿಮ್ಮ ತಮ್ಮ? ಅವನಿಗೆ ಕ್ಯಾಲೆಂಡರಿಗೆ ಮೊಳೆ ಹೊಡೆಯೋಕೆ ಬರಲ್ಲ."

ನಾನು ಬಾಯಿಂದಲೇ ಬಾಗಿಲು ತೆಗೆಸಿಕೊಂಡು ಬೆಳೆದವನು. ಅಂಗಡಿಗೆ ಬರುವ ಗಾಲಿಯವರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ಅಳಬೇಡಿ, ಮಾತಾಡಿ, ನಗಿಸಿ, ಜಗತ್ತು ದಾರಿ ಬಿಡುತ್ತದೆ ಅಂತ. ಜಗತ್ತು ದಾರಿ ಬಿಟ್ಟಿರಲಿಲ್ಲ. ಇವಳು ಹಿಂದಿನ ದಿನವೇ ಬಿಡಿಸಿ ಇಟ್ಟಿರುತ್ತಿದ್ದಳು.

"ಇದು ಪರೀಕ್ಷೆ ಕಣೇ. ಹೇಳದೆ ಹೋಗಬೇಕು ಅಂತ ನಿಂಗೂ ಗೊತ್ತಿತ್ತು."

"ನಿಮಗೆ ಪರೀಕ್ಷೆ. ನಂಗೆ ಪ್ರಯಾಣ." ಈಗ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಮೆಟ್ಟಿಲಿದ್ರೆ ನೀವೇನು ಮಾಡ್ತೀರಿ ನಂಗೆ ಗೊತ್ತಿಲ್ವಾ? ನಾಲ್ಕು ಜನ ಬಂದು ಎತ್ತುತಾರೆ. ನೀವು ಜೋಕ್ ಹೊಡೀತೀರಿ. ಮಹಾರಾಜರ ಪಲ್ಲಕ್ಕಿ ಅಂತೀರಿ. ಎಲ್ಲಾ ನಗ್ತಾರೆ, ಏನು ಮನುಷ್ಯ ಅಂತಾರೆ. ಮನೆಗೆ ಬಂದ್ಮೇಲೆ ಎಷ್ಟೋ ದಿನ ನೀವು ಊಟಕ್ಕೆ ಕೂತಾಗ ಬಾಯಿ ಬಿಡಲ್ಲ. ಆ ದಿನಗಳು ಅವರ ಪಾಲಿಗೆ ಬರಲ್ಲ, ನನ್ನ ಪಾಲಿಗೆ ಬರತ್ತೆ. ಒಂದು ಫೋನ್ ಮಾಡಿದ್ರೆ ಅದು ತಪ್ಪತ್ತೆ. ಮಾಡ್ದೆ. ಇನ್ನೂ ಮಾಡ್ತೀನಿ."

ಗಾಡಿ ಕಿಟಕಿ ಕಡೆ ತಿರುಗಿಸಿದೆ.

ಆಗ ನೆನಪಾಯಿತು. ಟೀಚರ್. ನಿನ್ನೆ ಹೊರಟಿದ್ದಾರೆ.

"ಟೀಚರ್ ಹೋಗ್ತಾರೆ ಅಂತ ಸಮುದ್ರದ ಹೋಟೆಲಿಗೆ ಹೇಳಿದ್ಯಾ?"

"ಟೀಚರ್ ಹೋಗ್ತಾರಾ? ನೀವು ನಂಗೆ ಹೇಳಿದ್ರೆ ತಾನೇ ಗೊತ್ತಾಗೋದು?"

ಟೀಚರ್ ಫೋನ್ ಎತ್ತಲಿಲ್ಲ. ತಂಗಿಯ ನಂಬರು ನನ್ನ ಹತ್ತಿರ ಇಲ್ಲ. ಹೋಟೆಲಿಗೇ ಮಾಡಿದೆ. ಬಾಗಿಲ ಮುಂದಿನ ಹಲಗೆ ಇದೆಯಾ ಅಂತ ಕೇಳಿದೆ.

"ಯಾವ್ದು... ಓ, ಅದಾ ಸಾರ್?" ಮ್ಯಾನೇಜರ್ ಧ್ವನಿ. "ಒಳ್ಳೆ ಮರ ಅಂತ ಅಡುಗೆ ಮನೆಗೆ ಶೆಲ್ಫ್ ಮಾಡಿಸ್ಬಿಟ್ವಿ. ನೀವು ಮತ್ತೆ ಬರ್ತಿದೀರಾ? ಯಾವತ್ತು ಅಂತ ಮೇಡಂ ಹತ್ರ ಒಂದು ಮಾತು ಹೇಳ್ಸಿ, ಇನ್ನೊಂದು ಹಾಕ್ಸಿಡ್ತೀವಿ."

ಫೆಬ್ರವರಿ 26, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಮನೆಯಲ್ಲಿ ಮಾತೂ ಇಲ್ಲ. ಸುಮ್ಮನಿರುವುದರಲ್ಲಿ ಇವಳು ನನ್ನನ್ನು ಮೀರಿಸುತ್ತಾಳೆ ಅಂತ ಗೊತ್ತಿರಲಿಲ್ಲ. ಉಪ್ಪು ಬೇಕು ಅಂತ ಕೈ ತೋರಿಸಿದರೆ ನೀರು ತಂದಿಡುತ್ತಾಳೆ.

ಇವತ್ತು ಟೀಚರ್ ಅಂಗಡಿಗೆ ಬಂದರು. ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದೆ. ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

"ಎತ್ತಿದ್ರು ಕಣೋ" ಅಂದರು. "ಕುರ್ಚಿ ಸಮೇತ. ಒಳ್ಳೆ ಹುಡುಗರೇ. ಅದರಲ್ಲೊಬ್ಬ 'ಅಜ್ಜಿ ಹಗುರ ಇದಾರೆ' ಅಂದ. ಎಲ್ಲಾ ನಕ್ರು. ನಾನೂ ನಕ್ಕೆ. ಯಾಕೆ ನಕ್ಕೆ ಅಂತ ಈಗ್ಲೂ ಗೊತ್ತಾಗ್ತಿಲ್ಲ. ನಗು ಬರುವಂಥದ್ದು ಏನೂ ಇರಲಿಲ್ಲ."

ಮೇಜಿನ ಮೇಲಿನ ಟಿಕೆಟ್ ಪುಸ್ತಕ ಮುಚ್ಚಿಟ್ಟೆ.

"ಮೇಲೆ ಹೋದ್ಮೇಲೆ ಇಳಿಯೋಕೆ ಮನಸ್ಸು ಬರಲಿಲ್ಲ. ಇಳಿದ್ರೆ ಮತ್ತೆ ಹತ್ತಿಸ್ಬೇಕಲ್ಲ. ಇದ್ದಷ್ಟು ದಿನ ಕಿಟಕಿಯಲ್ಲೇ ಕೂತೆ. ತಂಗಿ ಹೋಗಿ ಬಾಟ್ಲಿಯಲ್ಲಿ ನೀರು ತಂದ್ಲು. ಕಾಲಿಗೆ ಹಾಕಿದ್ಲು." ಕನ್ನಡಕ ತೆಗೆದು ಒರೆಸಿಕೊಂಡರು. "ಉಪ್ಪಾಗಿತ್ತು. ಸಮುದ್ರವೇ ಇರಬೇಕು."

"ಟೀಚರ್, ನಾನು ಹೇಳಿದ್ದು ತಪ್ಪು. ಬೇರೆ ಹೋಟೆಲುಗಳ ಬಗ್ಗೆ ಬರೆದಿದ್ದೂ ತಪ್ಪು."

"ತಪ್ಪಾದ್ರೆ ಏನು ಮಾಡ್ಬೇಕು ಅಂತ ನಿಂಗೆ ಹೇಳ್ಕೊಟ್ಟಿದ್ನೋ ಇಲ್ವೋ?"

"ಹೊಡೆದು ಹಾಕಿ ಮತ್ತೆ ಬರೀಬೇಕು."

"ಹೂಂ" ಅಂದರು. ಹೊರಟರು. ಬಾಗಿಲ ಹೊಸಿಲಲ್ಲಿ ಗಾಲಿ ಸಿಕ್ಕಿಕೊಂಡಿತು. ನನ್ನ ಅಂಗಡಿಯ ಹೊಸಿಲು.

ಫೆಬ್ರವರಿ 28, ಶುಕ್ರವಾರ

ಸಾಹೇಬ ಮತ್ತೆ ಇಳಿದು ಬಂದ. ಎಲ್ಲ ವರದಿ ವಾಪಸ್ ಕೊಡಿ, ಮತ್ತೆ ಹೋಗಿ ಬರೆಯುತ್ತೇನೆ ಅಂದೆ. ಕಾರಣವನ್ನೂ ಹೇಳಿದೆ. ಮನೆ ದೀಪ ಅಂತ ಮುತ್ತಿಟ್ಟರೆ ಮೀಸೆ ಸುಡದೇ ಬಿಡುತ್ತದೆಯೇ? ಸುಟ್ಟ ಮೀಸೆ ಹೊತ್ತುಕೊಂಡೇ ಹೇಳಿದೆ.

ಸಾಹೇಬನಿಗೆ ಆಶ್ಚರ್ಯವೇ ಆಗಲಿಲ್ಲ. ಅದು ನನಗೆ ಹಿಡಿಸಲಿಲ್ಲ. ಇವನಿಗೆ ಮೊದಲೇ ಗೊತ್ತಿತ್ತು ಅಂತ ಈಗಲೂ ಅನುಮಾನ.

"ಅಚ್ಚಿಗೆ ಹೋಗಿದೆಯಲ್ಲಾ... ಒಂದು ಕೆಲಸ ಮಾಡೋಣ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಹಾಕೋಣ. ಬರುವ ಮುನ್ನ ದೂರವಾಣಿಯಲ್ಲಿ ತಿಳಿಸಿ, ಅಂತ. ನಿಮ್ಮ ಮನೆಯವರು ಮಾಡಿದ್ದೂ ಅದನ್ನೇ ತಾನೇ? ಕೆಲಸ ಆಯ್ತಲ್ಲ?"

ಒಂದು ಗಳಿಗೆ ಸರಿಯೇ ಅನ್ನಿಸಿತು. ಇವಳ ಮೇಲಿನ ಕೋಪವೂ ಇಳಿಯುತ್ತಿತ್ತು, ಕೈಪಿಡಿಯೂ ಉಳಿಯುತ್ತಿತ್ತು.

"ನೀವು ಹೋಟೆಲಿಗೆ ಹೋಗೋ ಮುಂಚೆ ಫೋನ್ ಮಾಡಿ, ನಂಗೆ ಎರಡು ಕಾಲಿದೆ, ಬಾಗಿಲು ಇಟ್ಟಿರಿ ಅಂತೀರಾ ಸಾಹೇಬ್ರೇ?"

ನಕ್ಕ. ನಾನು ನಗಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ.

"ಒಂದು ವಾರ ತಡೀತೀನಿ" ಅಂದ. "ಒಂದು ಹೋಟೆಲ್ ನೋಡ್ಕೊಂಡು ಬನ್ನಿ. ನೀವು ಹೇಳೋದು ನಿಜ ಅಂತ ಕಾಗದದ ಮೇಲೆ ಬಂದ್ರೆ ಎಲ್ಲಾ ನಿಲ್ಲಿಸ್ತೀನಿ. ಇಲಾಖೆ ಕಾರು ಮಾತ್ರ ಸಿಗಲ್ಲ."

ಪಕ್ಕದಲ್ಲೇ ಮೌನಿ ಕಾರಿಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದಾನೆ. "ಗುರುವಾರ ನಂಗೆ ರಜೆ ಸಾರ್. ನಮ್ಮ ಭಾವನ ಕಾರಿದೆ" ಅಂದ. ತಾನಾಗಿ ಅವನು ಬಾಯಿ ಬಿಟ್ಟಿದ್ದು ಇದೇ ಮೊದಲು.

ರಾತ್ರಿ ಊಟಕ್ಕೆ ಕೂತಾಗ ಇವಳಿಗೆ ಹೇಳಿದೆ. ಸಮುದ್ರದ ಹೋಟೆಲಿಗೆ ಮತ್ತೆ ಹೋಗುತ್ತೇನೆ, ಫೋನ್ ಮಾಡಬಾರದು, ಬರುವುದು ಬಿಡುವುದು ನಿನ್ನಿಷ್ಟ.

ಪಾತ್ರೆ ಎತ್ತಿಟ್ಟಳು. ಒಳಗಿನಿಂದ ಹೇಳಿದಳು:

"ಎತ್ತಿಸ್ಕೊಳ್ಳಲ್ಲ ಅಂದ್ರೆ ಬರ್ತೀನಿ."

ಮಾರ್ಚ್ 6, ಗುರುವಾರ. ಸಮುದ್ರದ ಹೋಟೆಲ್, ಹೊರಗೆ

ಮೆಟ್ಟಿಲ ಕೆಳಗೆ ಕೂತು ಬರೆಯುತ್ತಿದ್ದೇನೆ. ಬಿಸಿಲು. ಮೊಣಕಾಲೇ ಮೇಜು.

ದಾರಿಯುದ್ದಕ್ಕೂ ಸಮುದ್ರ ನೋಡಲಿಲ್ಲ, ಇವಳ ಬ್ಯಾಗು ನೋಡಿದೆ. ಒಂದು ಸಲ ಕೈ ಒಳಗೆ ಹೋಯಿತು. ಕರವಸ್ತ್ರ ತೆಗೆದಳು. "ಫೋನು ಮನೇಲಿ ಬಿಟ್ಟು ಬಂದಿದೀನಿ. ಸಾಕಾ?" ಅಂದಳು. ಮೌನಿ ನೇರ ರಸ್ತೆ ನೋಡುತ್ತಾ ಕೆಮ್ಮಿದ.

ಹಲಗೆ ಇಲ್ಲ. ಅದು ಇದ್ದ ಗುರುತೂ ಇಲ್ಲ. ಮೆಟ್ಟಿಲು ಬೆಳ್ಳಗೆ ತೊಳೆದಿಟ್ಟಿದ್ದಾರೆ.

ನಮ್ಮನ್ನು ಕಂಡು ಮ್ಯಾನೇಜರನ ಮುಖ ಬಿದ್ದುಹೋಯಿತು. "ಅಯ್ಯೋ ಮೇಡಂ, ಒಂದು ಮಾತು ಹೇಳಬಾರದಾ?" ನನ್ನನ್ನಲ್ಲ, ಇವಳನ್ನು ಕೇಳಿದ. ಕೈ ತಟ್ಟಿದ. ನಾಲ್ಕು ಜನ ಬಂದರು, ಅಂಗಿಯ ತೋಳು ಮಡಚಿಕೊಂಡು. ಒಬ್ಬ ಆಗಲೇ ಗಾಡಿಯ ಹಿಡಿಗೆ ಕೈ ಹಾಕಿದ.

ನಾಲಗೆಯ ತುದಿಗೆ ಪಲ್ಲಕ್ಕಿ ಬಂತು. ಎಷ್ಟು ವರ್ಷದ ಅಭ್ಯಾಸ.

"ಬೇಡ" ಅಂದೆ.

"ಎರಡೇ ನಿಮಿಷ ಸಾರ್. ಎತ್ತಿಬಿಡ್ತಾರೆ."

"ಗೊತ್ತು. ಬೇಡ."

"ಮತ್ತೆ ಹೇಗೆ ಬರ್ತೀರಿ ಒಳಗೆ?"

"ಅದನ್ನ ನಿಮ್ಮನ್ನ ಕೇಳೋಣ ಅಂತಲೇ ಬಂದಿದ್ದು."

ಮ್ಯಾನೇಜರ್ ಒಳಗೆ ಹೋದ. ನಾಲ್ವರೂ ಏನು ಮಾಡಬೇಕೋ ತೋಚದೆ ತೋಳು ಇಳಿಸಿಕೊಂಡರು. ಯಾರಿಗೂ ನಗುವ ಅವಕಾಶ ಸಿಗಲಿಲ್ಲ. ಇಷ್ಟು ಕಷ್ಟದ್ದು ಅಂದುಕೊಂಡಿರಲಿಲ್ಲ. ಎತ್ತಿಸಿಕೊಳ್ಳುವುದು ಇದಕ್ಕಿಂತ ಸುಲಭ, ಅದಕ್ಕೇ ಇಷ್ಟು ದಿನ ಎತ್ತಿಸಿಕೊಂಡೆ.

ಇವಳು ಕೆಳಗಿನ ಮೆಟ್ಟಿಲ ಮೇಲೆ, ನಟ್ಟನಡುವೆ ಕೂತಿದ್ದಾಳೆ. ಸೆರಗು ತಲೆಗೆ ಹಾಕಿಕೊಂಡು. ದೊಡ್ಡ ಸೂಟ್‌ಕೇಸಿನ ಒಂದು ಸಂಸಾರ ಬಂತು.

"ಸ್ವಲ್ಪ ದಾರಿ ಬಿಡ್ತೀರಾ ಅಮ್ಮಾ?"

"ಎಲ್ಲಿದೆ ದಾರಿ?" ಅಂದಳು. "ತೋರ್ಸಿ, ಬಿಡ್ತೀನಿ."

ಆ ಯಜಮಾನ ಇವಳನ್ನು ನೋಡಿದ, ನನ್ನನ್ನು ನೋಡಿದ, ಮೆಟ್ಟಿಲು ನೋಡಿದ. ಸೂಟ್‌ಕೇಸು ಕೆಳಗಿಟ್ಟು ನಿಂತುಕೊಂಡ. ಇನ್ನೂ ನಿಂತಿದ್ದಾನೆ. ಅವನ ಹಿಂದೆ ಇನ್ನಿಬ್ಬರು.

ವರದಿಯಲ್ಲಿ ಬರೆದೆ: ಬಾಗಿಲು ಇದೆ. ಬಾಗಿಲವರೆಗೆ ಹೋಗಲು ಬರುವುದಿಲ್ಲ.

ಮ್ಯಾನೇಜರ್ ವಾಪಸ್ ಬಂದಿದ್ದಾನೆ. ಒಬ್ಬನೇ. ಇಳಿದು ಬಂದು ಇವಳ ಪಕ್ಕದ ಮೆಟ್ಟಿಲಲ್ಲಿ ಕೂತ. ಅವನ ಮುಖ ಮೊದಲ ಸಲ ನನ್ನ ಮುಖದ ಮಟ್ಟಕ್ಕಿದೆ. ಬೆವರಿದ್ದಾನೆ. "ಶಾಶ್ವತವಾಗಿ ಆಗ್ಬೇಕು ಅಂದ್ರೆ ಎಲ್ಲಿಂದ ಎಲ್ಲಿಗೆ ಹಾಕ್ಬೇಕು, ನೀವೇ ಹೇಳಿ ಸಾರ್" ಅನ್ನುತ್ತಿದ್ದಾನೆ.

ನಂಬಬಹುದಾ? ಒಳಗಿಂದ ಸಾಹೇಬನಿಗೆ ಫೋನ್ ಮಾಡಿ ಬಂದಿರಬಹುದು. ನಾಳೆ ಸಿಮೆಂಟು ಕಲಸಿ ನಾಡಿದ್ದು ಒಡೆಯಬಹುದು. ಇವಳ ಮುಖ ನೋಡಿದೆ. ಇವಳು ಅವನನ್ನು ನೋಡುತ್ತಿಲ್ಲ, ನೆಲಕ್ಕೆ ಮೊಳಕೈ ಊರಿ ಮೆಟ್ಟಿಲ ಎತ್ತರ ಅಳೆಯುತ್ತಿದ್ದಾಳೆ. ಬರೆದಿದ್ದು ಸಾಕು, ಪೆನ್ನು ಮುಚ್ಚಿ ಇಲ್ಲಿ ಬನ್ನಿ ಅನ್ನುತ್ತಾಳೆ. ಬರ್ತೀನಿ ಕಣೇ, ಈ ಸಾಲು ಒಂದು